ಪ್ಲೇನ್ ಟೈಗರೋ, ಅದರ ವೇಷ ತೊಟ್ಟ ಎಗ್‌ಫ್ಲೈಯೋ?

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಎಕ್ಕದ ಗಿಡಗಳು ಹೇರಳವಾಗಿವೆ. ಅಲ್ಲಿ ಹಾರಾಡುವ ಕಿತ್ತಳೆ ಬಣ್ಣದ ಚಿಟ್ಟೆಗಳನ್ನೆಲ್ಲ ಪ್ಲೇನ್ ಟೈಗರ್ ಎಂದೇ ಬರೆದಿಟ್ಟುಕೊಂಡಿದ್ದೆ. ಈಚೆಗೆ ಫೋಟೊಗಳನ್ನು ಹೋಲಿಸಿದಾಗ ಒಂದರ ಹಿಂದಿನ ರೆಕ್ಕೆಯಲ್ಲಿ ಒಂದೇ ಕಪ್ಪು ಚುಕ್ಕೆ, ಮಿಕ್ಕವುಗಳಲ್ಲಿ ಮೂರು ಅಥವಾ ನಾಲ್ಕು ಕಂಡವು. ಇದು ಒಂದೇ ಜಾತಿಯೊಳಗಿನ ವ್ಯತ್ಯಾಸವೇ?

ಉತ್ತರ: ಮೂರಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ ಒಂದೇ ಜಾತಿಯೊಳಗಿನದು, ಒಂದೇ ಚುಕ್ಕೆಯದು ಬೇರೆಯೇ ಜಾತಿ. ಪ್ಲೇನ್ ಟೈಗರ್ ಹೆಣ್ಣಿನ ಹಿಂದಿನ ರೆಕ್ಕೆಯ ನಡುವೆ ಮೂರು ಕಪ್ಪು ಚುಕ್ಕೆಗಳಿರುತ್ತವೆ. ಗಂಡಿನಲ್ಲಿ ಅವುಗಳ ಜೊತೆಗೆ ಹೆಣ್ಣನ್ನು ಒಲಿಸಿಕೊಳ್ಳುವ ಗಂಧಕ್ಕೆ ಸಂಬಂಧಿಸಿದ ಇನ್ನೊಂದು ಗುರುತು ಇರುವುದರಿಂದ ನಾಲ್ಕು ಕಾಣುತ್ತವೆ. ರೆಕ್ಕೆಯ ಮೇಲಂಚಿನ ನಡುಭಾಗದಲ್ಲಿ ಒಂದೇ ಚುಕ್ಕೆಯಿದ್ದರೆ ಅದು ಡ್ಯಾನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು. ಅದರ ರೆಕ್ಕೆಯ ಹೊರ ಅಂಚು ಸ್ವಲ್ಪ ಅಲೆಯಲೆಯಾಗಿಯೂ ಇರುತ್ತದೆ.

ನೀವು ಮೊದಲು ತಪ್ಪಾಗಿ ಗುರುತಿಸಿದ್ದು ಸಹಜವೇ, ಏಕೆಂದರೆ ಈ ಹೋಲಿಕೆ ಇರುವುದೇ ನೋಡುವ ಕಣ್ಣನ್ನು ವಂಚಿಸುವುದಕ್ಕೆ. ಪ್ಲೇನ್ ಟೈಗರಿನ ಮರಿಹುಳು ಎಕ್ಕದ ಎಲೆ ತಿಂದು ಆ ಗಿಡದ ಹಾಲಿನಲ್ಲಿರುವ ವಿಷಕಾರಿ ಅಂಶಗಳನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ, ಅದನ್ನು ಒಮ್ಮೆ ಕುಕ್ಕಿ ಕಹಿಯುಂಡ ಹಕ್ಕಿ ಆ ಬಣ್ಣದ ಚಿಟ್ಟೆಯ ಗೊಡವೆಗೆ ಮತ್ತೆ ಹೋಗುವುದಿಲ್ಲ. ಎಗ್‌ಫ್ಲೈಯ ಮರಿಹುಳು ತಿನ್ನುವುದು ನಾವೂ ಅಡುಗೆಗೆ ಬಳಸುವ ಗೋಣಿ ಸೊಪ್ಪನ್ನು. ಅದರ ಮೈಯಲ್ಲಿ ಅಂಥ ವಿಷವಿಲ್ಲ, ವೇಷವೇ ಅದಕ್ಕೆ ರಕ್ಷಣೆ. ಅಮೆಜಾನ್ ಕಾಡುಗಳಲ್ಲಿ 11 ವರ್ಷ ಕಳೆದು ಬಂದ ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ ಹೆನ್ರಿ ವಾಲ್ಟರ್ ಬೇಟ್ಸ್ ಇಂಥ ಅನುಕರಣೆಯನ್ನು 1862ರಲ್ಲಿ ಮೊದಲು ವಿವರಿಸಿದ್ದರಿಂದ ಇದಕ್ಕೆ ಇಂದಿಗೂ ಅವರದೇ ಹೆಸರಿದೆ.

ಮುಂದಿನ ರೆಕ್ಕೆಯ ಕಪ್ಪು ತುದಿಯನ್ನೂ ಅದರ ಮೇಲಿನ ಓರೆ ಬಿಳಿ ಪಟ್ಟೆಯನ್ನೂ ನಂಬಿ ನಿರ್ಧರಿಸಬೇಡಿ. ಅವು ಎರಡರಲ್ಲೂ ಇವೆ. ಅಷ್ಟೇ ಅಲ್ಲ, ಪ್ಲೇನ್ ಟೈಗರಿನಲ್ಲಿ ಈ ಕಪ್ಪು ತುದಿಯೇ ಇಲ್ಲದ ಒಂದು ರೂಪವಿದ್ದು, ಎಗ್‌ಫ್ಲೈ ಹೆಣ್ಣಿನಲ್ಲಿ ಅದಕ್ಕೂ ಸರಿಹೊಂದುವ ರೂಪ ಇದೆ ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಬೆರಗು ಹುಟ್ಟಿಸುವ ಸಂಗತಿ. ಹಿಂದಿನ ರೆಕ್ಕೆ ಕಾಣದ ನಿಮ್ಮ ಹಳೆಯ ಫೋಟೊಗಳ ಪಕ್ಕದಲ್ಲಿ ‘ಖಚಿತವಿಲ್ಲ’ ಎಂದು ಬರೆದಿಡುವುದು ಒಳ್ಳೆಯದು. ರೆಕ್ಕೆಯ ನರಗಳುದ್ದಕ್ಕೂ ದಪ್ಪ ಕಪ್ಪು ಗೆರೆಗಳಿದ್ದರೆ ಅದು ಸ್ಟ್ರೈಪ್ಡ್ ಟೈಗರ್. ಅದರಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಪ್ರಶ್ನೆ: ಹಾಗಾದರೆ ಎಗ್‌ಫ್ಲೈ ಗಂಡು ಹೇಗಿರುತ್ತದೆ?

ಉತ್ತರ: ಹೆಣ್ಣಿನ ಹೋಲಿಕೆ ಅದಕ್ಕೆ ಸ್ವಲ್ಪವೂ ಇಲ್ಲ. ಕಪ್ಪು ರೆಕ್ಕೆಗಳ ಮೇಲೆ ಎರಡೂ ಬದಿಗೆ ಮೂರು ಮೂರು ಬಿಳಿ ಮಚ್ಚೆಗಳಿದ್ದು, ಬೆಳಕು ಬಿದ್ದಾಗ ಅವುಗಳ ಅಂಚಿನಲ್ಲಿ ನೇರಳೆ ನೀಲಿ ಮಿಂಚುತ್ತದೆ. ಗ್ರೇಟ್ ಎಗ್‌ಫ್ಲೈ ಎಂಬ ಇನ್ನೊಂದು ಜಾತಿಯ ಗಂಡೂ ಇದನ್ನು ಹೋಲುವುದರಿಂದ, ಚಿಟ್ಟೆ ರೆಕ್ಕೆ ಮಡಿಚಿ ಕೂರುವ ತನಕ ಕಾಯಿರಿ: ಡ್ಯಾನೈಡ್ ಎಗ್‌ಫ್ಲೈಯ ರೆಕ್ಕೆಯ ಕೆಳಮೈ ಕೆಂಗಂದು ಬಣ್ಣದ್ದಾಗಿದ್ದು, ಅದರಲ್ಲಿ ಅಗಲವಾದ ಬಿಳಿ ಪಟ್ಟೆ ಸ್ಪಷ್ಟವಾಗಿ ಕಾಣುತ್ತದೆ.