ಬೊನೇರ್‌ನಲ್ಲಿ ಈಜು ಬಾರದವರಿಗೆ ಏನಿದೆ?

ಪ್ರಶ್ನೆ: ಮಗಳು ನೆದರ್‌ಲ್ಯಾಂಡ್ಸ್‌ನಲ್ಲಿದ್ದಾಳೆ. ಸ್ಕೂಬಾ ಡೈವಿಂಗ್‌ಗೆಂದು ನಮ್ಮನ್ನೂ ಕೆರಿಬಿಯನ್‌ನ ಬೊನೇರ್‌ಗೆ ಕರೆಯುತ್ತಿದ್ದಾಳೆ. ನನಗೆ ಈಜು ಬಾರದು. ಹೋಗಲೇ?
– ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಹೋಗಿ ಬನ್ನಿ ತಾಯಿ. ನೆದರ್‌ಲ್ಯಾಂಡ್ಸ್‌ಗೇ ಸೇರಿದ, ನನಗೆ ತುಂಬ ಇಷ್ಟವಾದ ದ್ವೀಪ ಅದು. ಅಲ್ಲಿ ಡೈವಿಂಗ್‌ಗೆ ದೋಣಿಯೇ ಬೇಕೆಂದಿಲ್ಲ. ಪಶ್ಚಿಮದ ರಸ್ತೆಯುದ್ದಕ್ಕೂ ಹಳದಿ ಬಳಿದ ಕಲ್ಲುಗಳ ಮೇಲೆ ತಾಣದ ಹೆಸರು ಬರೆದಿರುತ್ತದೆ; ಗಾಡಿ ನಿಲ್ಲಿಸಿ, ಸಿಲಿಂಡರ್ ಹೊತ್ತು, ದಡದಿಂದಲೇ ನಡೆದು ನೀರಿಗಿಳಿಯುತ್ತಾರೆ. ಗಾಳಿ ಪೂರ್ವದಿಂದ ಬೀಸುವುದರಿಂದ ಈ ಬದಿಯ ಸಮುದ್ರ ಶಾಂತ. 1979ರಿಂದಲೇ ಸುತ್ತಲ ಕಡಲು ಸಂರಕ್ಷಿತ. ಹವಳ ಮುಟ್ಟಬಾರದೆಂದು ಕೈಗವಸನ್ನೂ ನಿಷೇಧಿಸಿದ್ದಾರೆ, ಅದು ಸರಿಯಾದ ಕ್ರಮವೇ.

ಮಗಳು ನೀರಲ್ಲಿರುವಾಗ ನೀವು ದಕ್ಷಿಣದ ಉಪ್ಪಿನ ಆಗರಗಳನ್ನು ನೋಡಿ. ಗುಲಾಬಿ ಬಣ್ಣದ ನೀರು, ಬಿಳಿ ಉಪ್ಪಿನ ರಾಶಿಗಳು, ದೂರದಲ್ಲಿ ಫ್ಲೆಮಿಂಗೊಗಳು. ಅಲ್ಲೇ ಪಕ್ಕದಲ್ಲಿ 1850ರ ಸುಮಾರಿಗೆ ಕಟ್ಟಿದ ಗುಲಾಮರ ಗುಡಿಸಲುಗಳಿವೆ. ಬಾಗಿಲು ಎಷ್ಟು ಗಿಡ್ಡವೆಂದರೆ ಬಗ್ಗಿದರೆ ಸಾಲದು, ಬಹುತೇಕ ತೆವಳಬೇಕು. ಬಿಸಿಲಲ್ಲಿ ಉಪ್ಪು ಹೊತ್ತವರು ರಾತ್ರಿ ಮಲಗುತ್ತಿದ್ದುದು ಇದರೊಳಗೆ. ವಾರದ ಕೊನೆಗೆ ಉತ್ತರದ ಹಳ್ಳಿ ರಿಂಕಾನ್‌ನ ತಮ್ಮ ಮನೆಗೆ ಗಂಟೆಗಟ್ಟಲೆ ನಡೆದು ಹೋಗುತ್ತಿದ್ದರು. ಡಚ್ಚರು ಇಲ್ಲಿ ಗುಲಾಮಗಿರಿ ರದ್ದು ಮಾಡಿದ್ದು 1863ರಲ್ಲಿ. ದಯವಿಟ್ಟು ಅಲ್ಲಿ ಫೋಟೊ ತೆಗೆದು ಹೊರಟುಬಿಡಬೇಡಿ, ಸ್ವಲ್ಪ ಹೊತ್ತು ನಿಲ್ಲಿ.

ಡಾಲರ್ ಒಯ್ಯಿರಿ, ಅಲ್ಲಿ ಯೂರೊ ಅಲ್ಲ. ಟಿಕೆಟ್ ಮಾಡುವಾಗ ಒಂದು ಗಮನಿಸಿ: ಹಲವು ಡೈವ್ ಮಾಡಿದವರು ಕೊನೆಯ ಡೈವ್ ಆದಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಕೊನೆಯ ದಿನವನ್ನು ಆಗರಗಳಿಗೇ ಇಟ್ಟುಕೊಂಡರೆ ಮಗಳೂ ನಿಮ್ಮ ಜೊತೆ ಬರಬಹುದು.