ನಿಂಬೆ, ಉಪ್ಪು, ಖಾರ: ಮೆಕ್ಸಿಕೋದ ಹಣ್ಣಿನ ಗಾಡಿ ಬಗ್ಗೆ ನಿಮ್ಮ ಪ್ರಶ್ನೆಗಳು

ಮೆಕ್ಸಿಕೋ ಸಿಟಿಯಲ್ಲಿ ನಾನು ಕಳೆದ ಆರು ವರ್ಷಗಳ ಬಗ್ಗೆ ಹೋದ ತಿಂಗಳು ಇದೇ ಪುಟದಲ್ಲಿ ಬರೆದಿದ್ದೆ. ಅದರಲ್ಲಿ ಹಣ್ಣಿನ ತಳ್ಳುಗಾಡಿಯ ಮಾತು ಎರಡೇ ಸಾಲು ಬಂದಿತ್ತು. ಆಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಅದರ ಬಗ್ಗೆಯೇ. ಹಾಗಾಗಿ ಈ ಸಲ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಮಗಳು ಕೆಲಸದ ಮೇಲೆ ಮೆಕ್ಸಿಕೋ ಸಿಟಿಗೆ ಹೋಗಿ ಮೂರು ತಿಂಗಳಾಯಿತು. ದಿನಾ ಸಂಜೆ ಫೋನಿನಲ್ಲಿ ಒಂದು ಲೋಟ ತೋರಿಸುತ್ತಾಳೆ. ರಸ್ತೆ ಬದಿ ಗಾಡಿಯಲ್ಲಿ ಹೆಚ್ಚಿಸಿಕೊಂಡ ಹಣ್ಣು, ಮೇಲೆ ಕೆಂಪು ಪುಡಿ. ಆಲೂಗಡ್ಡೆಯಂಥ ಬಿಳಿ ಹೋಳೂ ಇರುತ್ತದೆ, ಅದನ್ನು ಹಸಿಯಾಗಿಯೇ ತಿನ್ನುತ್ತಾಳೆ. ಹೊಟ್ಟೆ ಕೆಡುವುದಿಲ್ಲವೇ? ಬೇಡ ಅನ್ನಲೇ? — ಒಬ್ಬ ತಾಯಿ

ಉತ್ತರ: ಬೇಡ ಅನ್ನಬೇಡಿ ಅಮ್ಮ. ಎಂಥ ಗಾಡಿಯಲ್ಲಿ ತಿನ್ನಬೇಕು ಅಂತ ಹೇಳಿ.

ಮೊದಲು ಆ ಬಿಳಿ ಹೋಳಿನ ವಿಷಯ. ಅದು ಆಲೂಗಡ್ಡೆ ಅಲ್ಲ, ಹೀಕಮಾ. ಮೆಕ್ಸಿಕೋದ ನೆಲದ್ದೇ ಗೆಡ್ಡೆ. ಬಳ್ಳಿ ಅವರೆಯ ಜಾತಿಗೆ ಸೇರಿದ್ದು, ಆದರೆ ತಿನ್ನುವುದು ಮಣ್ಣಿನೊಳಗಿನ ಗೆಡ್ಡೆಯನ್ನು ಮಾತ್ರ. ಬೀಜ ವಿಷ. ಗೆಡ್ಡೆಯನ್ನು ಹಸಿಯಾಗಿ ತಿನ್ನುವುದೇ ಸರಿ, ಅದಕ್ಕಾಗಿಯೇ ಬೆಳೆಯುತ್ತಾರೆ. ಕಚ್ಚಿದರೆ ಕರಕ್ ಅನ್ನುತ್ತದೆ, ಬಾಯಿ ತುಂಬ ನೀರು, ಸಿಹಿ ಇದೆಯೋ ಇಲ್ಲವೋ ಅನ್ನುವಷ್ಟು ಸಿಹಿ. ನಿಂಬೆರಸವನ್ನೂ ಖಾರವನ್ನೂ ಹೊರಲು ಅದಕ್ಕಿಂತ ಒಳ್ಳೆಯ ಹೋಳು ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡಿಸೆಂಬರಿನಲ್ಲಿ ಮಕ್ಕಳು ಕೋಲಿನಿಂದ ಹೊಡೆದು ಒಡೆಯುವ, ಬಣ್ಣದ ಕಾಗದ ಹಚ್ಚಿದ ಪಿನ್ಯಾತಾ ಗಡಿಗೆಯ ಒಳಗೂ ಕಿತ್ತಳೆ, ಕಬ್ಬಿನ ತುಂಡು, ಕಡಲೆಕಾಯಿಯ ಜತೆ ಹೀಕಮಾ ತುಂಬುವ ಪದ್ಧತಿ ಇದೆ.

ಈಗ ಗಾಡಿ. ನಾನು ಇದ್ದದ್ದು ನಾರ್ವಾರ್ತೆ ಬಡಾವಣೆಯಲ್ಲಿ. ಎತಿಯೋಪಿಯಾ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿ ಬಂದರೆ ಎದುರಿಗೇ ಒಂದು ಗಾಡಿ ನಿಲ್ಲುತ್ತಿತ್ತು. ಮೇಲೆ ಕೊಡೆ, ಮೂರು ಕಡೆ ಗಾಜು, ಗಾಜಿನೊಳಗೆ ಮಂಜುಗಡ್ಡೆಯ ಮೇಲೆ ಕಲ್ಲಂಗಡಿ, ಅನಾನಸ್, ಪರಂಗಿ, ಸೌತೆಕಾಯಿ. ಸುಮಾರು ಐವತ್ತರ ಹೆಂಗಸು, ನೀಲಿ ಚೌಕಳಿಯ ಏಪ್ರನ್, ಅಂಗೈಯಷ್ಟೇ ಉದ್ದದ ಚಾಕು. ನಾನು ಮೊದಲ ಎರಡು ವಾರ ಏನೂ ಕೊಳ್ಳಲಿಲ್ಲ, ಸುಮ್ನೆ ನೋಡುತ್ತಿದ್ದೆ. ಹೀಕಮಾದ ಬುಡದಲ್ಲಿ ಚಾಕು ಸಿಕ್ಕಿಸಿ ಎಳೆದರೆ ಕಂದು ಸಿಪ್ಪೆ ಕಾಗದದ ಹಾಗೆ ಪಟ್ಟಿಪಟ್ಟಿಯಾಗಿ ಬರುತ್ತಿತ್ತು. ಹಲಗೆಗೆ ತಾಗಿಸದೆ, ಗೆಡ್ಡೆಯನ್ನು ಕೈಯಲ್ಲೇ ತಿರುಗಿಸುತ್ತ ಬೆರಳುದ್ದದ ಕಡ್ಡಿಗಳಾಗಿ ಸೀಳಿ ನೇರ ಲೋಟಕ್ಕೆ ಬೀಳಿಸುತ್ತಿದ್ದಳು. ದುಡ್ಡು ಮುಟ್ಟುವ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಹಣ್ಣು ಮುಟ್ಟುವಾಗ ಅದನ್ನು ತೆಗೆಯುತ್ತಿದ್ದಳು. ಅದನ್ನು ನೋಡಿದ ದಿನವೇ ನಾನು ಮೊದಲ ಲೋಟ ಕೊಂಡದ್ದು.

ಮಗಳಿಗೆ ಹೇಳಬೇಕಾದದ್ದೂ ಇಷ್ಟೇ. ಐದು ನಿಮಿಷ ನಿಂತು ನೋಡಲಿ. ಜನ ಜಾಸ್ತಿ ಬರುವ ಗಾಡಿಯಲ್ಲಿ ಹಣ್ಣು ಹಳೆಯದಾಗಲು ಸಮಯವೇ ಇರುವುದಿಲ್ಲ. ತನ್ನ ಕಣ್ಣೆದುರು ಸಿಪ್ಪೆ ತೆಗೆದದ್ದನ್ನೇ ಕೇಳಲಿ. ಚಾಕು ತೊಳೆಯುವ ಬಕೆಟ್ಟಿನ ನೀರು ಕೊಳಕಾಗಿದ್ದರೆ ಮುಂದೆ ಹೋಗಲಿ. ಮೊದಲೇ ತುಂಬಿ ಸಾಲಾಗಿ ಇಟ್ಟ ಲೋಟ, ಅದರಲ್ಲೂ ಬಿಸಿಲಿಗೆ ಬಿದ್ದದ್ದು, ಬೇಡವೇ ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಸಲ ಬಸ್ ನಿಲ್ದಾಣದಲ್ಲಿ ಅವಸರಕ್ಕೆ ಅಂಥದ್ದೊಂದು ಕರಬೂಜದ ಲೋಟ ಕೊಂಡು ಮೂರು ದಿನ ಮಲಗಿದ್ದೆ. ಕರಬೂಜ ನೆಲದ ಮೇಲೆ ಬೆಳೆಯುವ ಹಣ್ಣು. ಬಲೆಯಂಥ ಸಿಪ್ಪೆಯಲ್ಲಿ ಮಣ್ಣು ಸಿಕ್ಕಿಕೊಳ್ಳುತ್ತದೆ, ಕೊಯ್ಯುವಾಗ ಚಾಕು ಅದನ್ನು ತಿರುಳಿಗೆ ತರುತ್ತದೆ, ಉಳಿದ ಕೆಲಸ ಬಿಸಿಲಿನದು. ನಿಂಬೆ ಹಿಂಡಿದರೆ ಕ್ರಿಮಿಯೆಲ್ಲ ಸತ್ತುಹೋಗುತ್ತದೆ ಎಂದು ಅಲ್ಲಿಯವರೂ ಕೆಲವರು ಹೇಳುತ್ತಾರೆ. ಅದನ್ನು ನಂಬಬೇಡಿ.

ಇನ್ನೊಂದು ಮಾತು. ಅದು ಊಟವಾಗಬಾರದು. ಊಟ ಮಾಡಿ ಆಮೇಲೆ ತಿನ್ನು ಅಂತ ಅಮ್ಮನಾಗಿ ಗದರಿ, ತಪ್ಪಿಲ್ಲ.

ಪ್ರಶ್ನೆ: ಹೆಂಡತಿಗೆ ಈಗ ಐದು ತಿಂಗಳು. ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿದ್ದೇವೆ. ಖಾರ ಹಾಕಿದ ಮಾವು ಬೇಕೇ ಬೇಕು ಅನ್ನುತ್ತಾಳೆ. ಗಾಡಿಯಲ್ಲಿ ಕೊಡಿಸಬಹುದೇ?

ಉತ್ತರ: ಈ ಕೆಲವು ತಿಂಗಳು ಮನೆಯಲ್ಲೇ ಹೆಚ್ಚಿಕೊಡಿ. ನಾನು ಎಷ್ಟೇ ಗಾಡಿಯ ಪರ ಇದ್ದರೂ ಬಸುರಿಗೆ ಆ ಮಾತು ಹೇಳಲಾರೆ. ಹಣ್ಣು, ತರಕಾರಿ ಶುದ್ಧ ಮಾಡುವ ಹನಿಯ ಸಣ್ಣ ಬಾಟಲಿ ಅಲ್ಲಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಸಿಗುತ್ತದೆ. ಎಷ್ಟು ನೀರಿಗೆ ಎಷ್ಟು ಹನಿ, ಎಷ್ಟು ನಿಮಿಷ ಎಂದು ಬಾಟಲಿಯ ಮೇಲೇ ಇರುತ್ತದೆ. ಮೊದಲು ಹಣ್ಣನ್ನು ತೊಳೆದು, ಆಮೇಲೆ ಅದರಲ್ಲಿ ನೆನೆಸಿ, ಕೊನೆಗೆ ಹೆಚ್ಚಿ. ಮಾವಿಗೆ ಕಡ್ಡಿ ಚುಚ್ಚಿ, ಸುತ್ತಲೂ ದಳದ ಹಾಗೆ ಕೊಯ್ದು ಹೂವು ಮಾಡಿ ಕೊಡಿ. ಗಾಡಿಯವರು ಮಾಡುವುದೂ ಹಾಗೆಯೇ. ನಿಮ್ಮ ಹೆಂಡತಿ ಖುಷಿಪಡುತ್ತಾರೆ.

ಪ್ರಶ್ನೆ: ಹತ್ತು ದಿನದ ಪ್ರವಾಸ ಹೋಗುತ್ತಿದ್ದೇನೆ. ಸ್ಪ್ಯಾನಿಷ್ ಬರುವುದಿಲ್ಲ. ಗಾಡಿಯ ಮುಂದೆ ಏನು ಹೇಳಬೇಕು? ಖಾರ ತಡೆಯುವುದಿಲ್ಲ.

ಉತ್ತರ: ಬೆರಳು ತೋರಿಸಿದರೂ ನಡೆಯುತ್ತದೆ. ಆದರೆ ನಾಲ್ಕು ಮಾತು ಕಲಿತು ಹೋಗಿ, ಅವರ ಮುಖ ಅರಳುವುದನ್ನು ನೋಡಬೇಕು ನೀವು.

‘ಕೋನ್ ತೋದೋ?’ ಅಂತ ಕೇಳುತ್ತಾರೆ. ಎಲ್ಲಾ ಹಾಕಲಾ ಎಂದರ್ಥ: ನಿಂಬೆ, ಉಪ್ಪು, ಖಾರದ ಪುಡಿ, ಕೆಲವು ಕಡೆ ಸಾಸೂ ಕೂಡ. ‘ಸೀ’ ಅಂದರೆ ಹೂಂ. ಖಾರ ಸ್ವಲ್ಪ ಸಾಕು ಅನ್ನಲು ‘ಪೋಕೀತೋ ಚಿಲೆ’. ನಿಮಗೆ ಬೇಕಾದದ್ದು ಇನ್ನೊಂದು, ಅದನ್ನು ಬಾಯಿಪಾಠ ಮಾಡಿಕೊಳ್ಳಿ: ‘ದೆಲ್ ಕೆ ನೋ ಪೀಕಾ’, ಖಾರ ಇಲ್ಲದ ಪುಡಿ. ಹೌದು, ಎಷ್ಟೋ ಗಾಡಿಗಳಲ್ಲಿ ಎರಡು ಡಬ್ಬಿ ಇರುತ್ತದೆ. ಒಂದರಲ್ಲಿ ನಾಲಿಗೆ ಉರಿಸುವ ಪಿಕೀನ್ ಮೆಣಸಿನ ಪುಡಿ, ಇನ್ನೊಂದರಲ್ಲಿ ಬಣ್ಣ, ಹುಳಿ ಜಾಸ್ತಿ, ಉರಿ ಕಡಿಮೆ. ಅಲ್ಲಿನ ಮಕ್ಕಳು ಎರಡನೆಯದನ್ನೇ ಕೇಳುತ್ತವೆ. ನೀವೂ ಧೈರ್ಯವಾಗಿ ಕೇಳಿ. ಪುಡಿಯೇ ಬೇಡ ಅಂತ ಮಾತ್ರ ಹೇಳಬೇಡಿ.

ನಿಮ್ಮನ್ನು ‘ಗ್ವೇರೋ’ ಅಂತ ಕರೆಯಬಹುದು. ಬೆಳ್ಳಗಿರುವವನೇ ಅಂತ. ಬಣ್ಣ ನೋಡಿ ಕರೆಯುವುದಲ್ಲ, ಗಿರಾಕಿಯನ್ನು ಪ್ರೀತಿಯಿಂದ ಕೂಗುವ ರೀತಿ. ನಾನು ಕೊಳ್ಳುತ್ತಿದ್ದ ಗಾಡಿಯ ಹೆಂಗಸು ಆರು ವರ್ಷವೂ ನನ್ನನ್ನು ‘ಗ್ವೆರೀತಾ’ ಅಂತಲೇ ಕರೆದಳು. ಹಳೆ ಮಾರುಕಟ್ಟೆಗಳಲ್ಲಿ ‘ಮರ್ಚಾಂತಾ’ ಅಂತಲೂ ಕೇಳುತ್ತದೆ. ಅದರ ಚಂದ ಏನೆಂದರೆ ಮಾರುವವರು ಕೊಳ್ಳುವವರಿಗೂ, ಕೊಳ್ಳುವವರು ಮಾರುವವರಿಗೂ ಅದೇ ಹೆಸರು.

ಚಿಲ್ಲರೆ ಇಟ್ಟುಕೊಳ್ಳಿ. ನಾನಿದ್ದಾಗ ಒಂದು ಲೋಟಕ್ಕೆ 20 ಪೆಸೊ, ಅಲ್ಲಿನ ಹಿಂದಿನ ಕಾಲದ ಅಧ್ಯಕ್ಷ ಬೆನೀತೊ ಹ್ವಾರೆಸ್ ಚಿತ್ರದ ನೀಲಿ ನೋಟು ಒಂದು. ಈಗ ಅಷ್ಟಕ್ಕೆ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಮೆಕ್ಸಿಕೋ ಸಿಟಿಯಲ್ಲಿ 2021ರ ಜನವರಿಯಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ಚಮಚಗಳಿಗೆ ನಿಷೇಧ ಇದೆ. ಒಂದು ಮುಚ್ಚಳದ ಡಬ್ಬಿ ಚೀಲದಲ್ಲಿರಲಿ. ಅಲ್ಲಿ ಅದಕ್ಕೆ ‘ತೋಪೆರ್’ ಅನ್ನುತ್ತಾರೆ. ಕೈಗೆ ಕೊಟ್ಟರೆ ತುಂಬಿಸಿ ಕೊಡುತ್ತಾರೆ. ಆದರೆ ಹೋಟೆಲಿಗೆ ತೆಗೆದುಕೊಂಡು ಹೋಗಿ ತಿನ್ನೋಣ ಅಂತ ಮುಚ್ಚಬೇಡಿ. ಉಪ್ಪು ಬಿದ್ದ ತಕ್ಷಣ ಹಣ್ಣು ನೀರು ಬಿಡುತ್ತದೆ. ಅರ್ಧ ಗಂಟೆಗೆ ಕಲ್ಲಂಗಡಿ ಮೆತ್ತಗಾಗಿ, ಸೌತೆ ಬಾಡಿ, ಹೀಕಮಾದ ಕರಕು ಹೋಗಿರುತ್ತದೆ. ಗಾಡಿಯ ಪಕ್ಕದಲ್ಲೇ ನಿಂತು ತಿನ್ನಿ.

ಪ್ರಶ್ನೆ: ಸಿಹಿ ಮಾವಿಗೆ ಖಾರ ಯಾಕೆ? ಯಾರೋ ತಹೀನ್ ಬಾಟಲಿ ತಂದುಕೊಟ್ಟಿದ್ದಾರೆ, ಅದೂ ಗಾಡಿಯ ಪುಡಿಯೂ ಒಂದೇನಾ? ಚಮೊಯ್ ಅಂದರೇನು?

ಉತ್ತರ: ಉಪ್ಪು ಕಹಿಯನ್ನು ಅಡಗಿಸುತ್ತದೆ. ಕಹಿ ಅಡಗಿದರೆ ಸಿಹಿ ಮೇಲೆ ಬರುತ್ತದೆ. ಹುಳಿ ಬಾಯಲ್ಲಿ ನೀರೂರಿಸುತ್ತದೆ. ಉರಿ ಮುಂದಿನ ಹೋಳಿನ ತಂಪನ್ನು ಬೇಡುತ್ತದೆ. ಹೀಗೆ ಒಂದು ಹೋಳು ಇನ್ನೊಂದನ್ನು ಕರೆಯುತ್ತ ಲೋಟ ಖಾಲಿಯಾಗುತ್ತದೆ.

ತಹೀನ್ ಒಂದು ಕಂಪನಿಯ ಪುಡಿ. ಹಾಲಿಸ್ಕೊ ರಾಜ್ಯದಲ್ಲಿ 1985ರಲ್ಲಿ ಶುರುವಾದದ್ದು. ಹೆಸರು ವೆರಾಕ್ರೂಸ್ ರಾಜ್ಯದ ಪ್ರಾಚೀನ ನಗರ ಎಲ್ ತಹೀನ್‌ನದು. ಮೆಣಸಿನಕಾಯಿ, ಒಣಗಿಸಿದ ನಿಂಬೆರಸ, ಸಮುದ್ರದ ಉಪ್ಪು, ಇದೇ ಅದರ ಜೀವ. ಉರಿ ಕಡಿಮೆ. ಎಷ್ಟೋ ಗಾಡಿಗಳಲ್ಲಿ ಇದೇ ಇರುತ್ತದೆ, ಇನ್ನು ಕೆಲವರು ಸಂತೆಯಿಂದ ಬಿಡಿ ಪುಡಿ ತಂದು ತಾವೇ ಉಪ್ಪು ಬೆರೆಸುತ್ತಾರೆ. ನನಗೆ ಬಿಡಿಯದೇ ಇಷ್ಟ. ಅದರಲ್ಲಿ ನಿಂಬೆ ಇರುವುದಿಲ್ಲ, ಹಾಗಾಗಿ ಹಸಿ ನಿಂಬೆಯನ್ನು ಕಣ್ಣೆದುರೇ ಹಿಂಡಬೇಕಾಗುತ್ತದೆ. ಆ ವಾಸನೆ ಬಾಟಲಿಯಿಂದ ಬರುವುದಿಲ್ಲ.

ಚಮೊಯ್ ಸಾಸು. ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು, ಮೆಣಸಿನಕಾಯಿ, ನಿಂಬೆ, ಸಕ್ಕರೆ ಸೇರಿ ಆಗುವಂಥದ್ದು. ಏಷ್ಯಾದ ಉಪ್ಪುಹಣ್ಣುಗಳ ಜತೆ ಅದಕ್ಕೆ ನಂಟಿದೆ ಅನ್ನುತ್ತಾರೆ. 1565ರಿಂದ 1815ರವರೆಗೆ ಮನಿಲಾಕ್ಕೂ ಅಕಾಪುಲ್ಕೊಗೂ ನಡುವೆ ಸ್ಪೇನಿನ ಹಡಗುಗಳು ಓಡಾಡಿದವಲ್ಲ, ಆ ಕಡಲದಾರಿಯ ನಂಟು. ಅಲ್ಲಿ ಗಾಡಿಗಳಲ್ಲಿ ಸಿಗುವ ಒಂದು ಹಳದಿ ಮಾವಿಗೆ ಇವತ್ತಿಗೂ ‘ಮನಿಲಾ’ ಅಂತಲೇ ಹೆಸರು. ಇನ್ನೊಂದು ಚಿಯಾಪಾಸ್ ಕಡೆಯ ಅತಾವುಲ್ಫೊ. ಸಣ್ಣ ಹಣ್ಣು, ತೆಳು ಓಟೆ, ನಾರೇ ಇಲ್ಲ. ಮಾವಿನ ಕಾಲದಲ್ಲಿ ಹೋದರೆ ಅತಾವುಲ್ಫೊ ಕೇಳಿ ತಿನ್ನಿ. ಅದಕ್ಕೆ ಚಮೊಯ್ ಹಾಕಿಸಬೇಡಿ. ಅಂಥ ಹಣ್ಣಿನ ಮೇಲೆ ಸಕ್ಕರೆಯ ಸಾಸು ಸುರಿಯುವುದು ನನಗೆ ಸಂಕಟ. ನಿಂಬೆ, ಚಿಟಿಕೆ ಪುಡಿ ಸಾಕು.

ಪ್ರಶ್ನೆ: ಮೆಕ್ಸಿಕೋದಲ್ಲೆಲ್ಲ ಇದು ಒಂದೇ ಥರ ಇರುತ್ತದಾ?

ಉತ್ತರ: ಇಲ್ಲ. ಗ್ವಾದಲಹಾರಾದಲ್ಲಿ ಹಣ್ಣಿಗೆ ಕ್ರೀಮು, ಒಣದ್ರಾಕ್ಷಿ, ಕೊಬ್ಬರಿ ಹಾಕಿ ‘ಬಿಯೋನಿಕೋ’ ಅಂತ ಕೊಡುತ್ತಾರೆ. ಅದು ಸಿಹಿತಿಂಡಿ. ನಾನು ಕಾದು ನಿಂತು ತಿನ್ನುವುದು ಮೊರೆಲಿಯಾ ನಗರದ ಗಸ್ಪಾಚೊ. ಸ್ಪೇನಿನ ತಣ್ಣನೆ ಟೊಮ್ಯಾಟೊ ಸಾರಿಗೂ ಇದಕ್ಕೂ ಹೆಸರೊಂದೇ ಸಮ. ಮಾವು, ಅನಾನಸ್, ಹೀಕಮಾವನ್ನು ಕೋಸಂಬರಿಗೆ ಹೆಚ್ಚುವ ಹಾಗೆ ಸಣ್ಣಗೆ ಕೊಚ್ಚುತ್ತಾರೆ. ಲೋಟಕ್ಕೆ ಒಂದು ಪದರ ಹಣ್ಣು, ಅದರ ಮೇಲೆ ಖಾರದ ಪುಡಿ, ತುರಿದ ಕೋತಿಹಾ ಚೀಸು, ಮತ್ತೆ ಹಣ್ಣು. ಈರುಳ್ಳಿ ಬೇಕಾ ಅಂತಲೂ ಕೇಳುತ್ತಾರೆ. ಬೇಕು ಅನ್ನಿ. ಮೇಲಿನಿಂದ ಕಿತ್ತಳೆ ರಸ ಸುರಿಯುತ್ತಾರೆ. ಚೀಸಿನ ಉಪ್ಪು ನಿಧಾನಕ್ಕೆ ಕೆಳಗಿಳಿಯುತ್ತದೆ. ಹಣ್ಣು ಮುಗಿದ ಮೇಲೆ ತಳದಲ್ಲಿ ಎರಡು ಗುಟುಕು ಕೆಂಪು ರಸ ಉಳಿದಿರುತ್ತದೆ. ಅದನ್ನು ಬಿಟ್ಟು ಬರಬೇಡಿ. ಲೋಟ ಎತ್ತಿ ಕುಡಿಯಿರಿ, ಅಲ್ಲಿ ಎಲ್ಲರೂ ಹಾಗೇ ಕುಡಿಯುತ್ತಾರೆ.