ಮರಳುಗಾಡಿನ ಧೂಳಿಗೂ ಮೋಡಕ್ಕೂ ಏನು ಸಂಬಂಧ?

ತುಂಬಾ ಹತ್ತಿರದ ಸಂಬಂಧ. ಮೋಡದೊಳಗಿನ ನೀರು ಬೇಗ ಹೆಪ್ಪುಗಟ್ಟುವಂತೆ ಧೂಳು ಮಾಡುತ್ತದೆ. ಅದರಿಂದ ಮಳೆಯೂ ಬದಲಾಗುತ್ತದೆ, ನೆಲಕ್ಕೆ ಬೀಳುವ ಬಿಸಿಲೂ ಬದಲಾಗುತ್ತದೆ.

ನೀರು 0 ಡಿಗ್ರಿಗೆ ಮಂಜುಗಡ್ಡೆಯಾಗುತ್ತದೆ ಅಂತ ಓದಿದ್ದೇವೆ, ಅಲ್ವಾ? ಮೋಡದ ಸಣ್ಣ ಹನಿಗಳು ಹಾಗಲ್ಲ. ಶುದ್ಧವಾಗಿದ್ದರೆ ಹೆಚ್ಚುಕಡಿಮೆ ಮೈನಸ್ 38 ಡಿಗ್ರಿವರೆಗೂ ನೀರಾಗಿಯೇ ಉಳಿಯಬಲ್ಲವು. ಹರಳು ಕಟ್ಟಲು ಅವಕ್ಕೆ ಒಂದು ಆಸರೆ ಬೇಕು. ಸಹಾರಾದಿಂದ ಎದ್ದು ಅಟ್ಲಾಂಟಿಕ್ ದಾಟುವ ಧೂಳು ಆ ಆಸರೆ ಕೊಡುತ್ತದೆ. ಅದರಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವಂತೂ ಈ ಕೆಲಸದಲ್ಲಿ ಬಹಳ ಚುರುಕು. ಆಗ ಮೈನಸ್ 15–20 ಡಿಗ್ರಿಗೇ ಹನಿಗಳು ಹೆಪ್ಪುಗಟ್ಟಲು ಶುರುವಾಗುತ್ತವೆ. ಒಮ್ಮೆ ಹರಳು ಹುಟ್ಟಿತೆಂದರೆ ಸುತ್ತಲಿನ ಹನಿಗಳ ತೇವವನ್ನು ಎಳೆದುಕೊಂಡು ದಪ್ಪವಾಗುತ್ತದೆ, ಭಾರಕ್ಕೆ ಕೆಳಗೆ ಬೀಳುತ್ತದೆ. ಉಳಿದ ಮೋಡ ತೆಳುವಾಗಿ ಬಿಸಿಲನ್ನು ಜಾಸ್ತಿ ಒಳಗೆ ಬಿಡುತ್ತದೆ.

ನಮ್ಮ ಮುಂಗಾರಿಗೂ ಧೂಳಿನ ನಂಟಿದೆ. ಅರಬ್ಬಿ ಸಮುದ್ರದ ಮೇಲೆ ತೇಲುವ ಧೂಳು ಬಿಸಿಲು ಹೀರಿ ಗಾಳಿಯನ್ನು ಕಾಯಿಸುತ್ತದೆ. ಇದರಿಂದ ತೇವದ ಗಾಳಿ ಬಲಗೊಂಡು, ಸುಮಾರು ಒಂದು ವಾರದೊಳಗೆ ಮಧ್ಯ ಭಾರತದಲ್ಲಿ ಮಳೆ ಹೆಚ್ಚಬಲ್ಲದು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.